ಚಿಯೋ ಅಜ್ಜಿಗೆ ಮುದ್ದಮ್ಮನ ರಂಗೋಲೆ

ಹೊಳೆನರಸೀಪುರ
೮ ಜೂನ್ ೨೦೨೫

ಚಿ. ಸಂಘಮಿತ್ರಾಳಿಗೆ ಮೇಷ್ಟ್ರ ಆಶೀರ್ವಾದಗಳು.

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಒಂದು ತುಂಡು ಸೀಮೆಸುಣ್ಣವನ್ನೂ ಮನೆಗೆ ತಾರದೆ ನಿವೃತ್ತನಾದ ಶಾಂತರಾಜು ಎಂಬ ನಾನು, ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಈ ಕೆಳಕಂಡ ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂಕಾಲಕ್ಕೆ, ಅರಕಲಗೂಡಿನ ಬಸ್ಸಿನಲ್ಲಿ, ನಿಮ್ಮ ಚಿಯೋ ಅಜ್ಜಿ ಮಲ್ಲಿಪಟ್ಟಣದ ನಮ್ಮ ಮುದ್ದಮ್ಮನಿಗೆಂದು ಕಳಿಸಿದ್ದ ಮೂರು ಸಿಹಿಗಳಲ್ಲಿ ಒಂದನ್ನು ತಿಂದೆ. ಒಬ್ಬಟ್ಟಿನ ಹೂರಣಕ್ಕೆ ರೇಷ್ಮೆಯ ಅಂಗಿ ತೊಡಿಸಿದಂತಿತ್ತು. ಸಿಹಿ ತಿಂದವನೇ ಸಹಿ ಹಾಕುತ್ತಿದ್ದೇನೆ, ಬೇರೆ ಸಾಕ್ಷಿ ಬೇಡ. ಉಳಿದೆರಡು ಮಲ್ಲಿಪಟ್ಟಣ ಸೇರಿದವು. ಮುದ್ದಮ್ಮ ಒಂದನ್ನು ತಾನು ತಿಂದು, ಇನ್ನೊಂದನ್ನು ಮಗ ಭೀಮನಿಗೆ ಎತ್ತಿಟ್ಟಳು.

ನೀನಿರುವ ಜಪಾನಿನ ಊರಿನ ಪುರಸಭೆಯೂ ಹಾಸನದ ನಮ್ಮ ಹಿರಿಯರ ಸಂಘವೂ ಸೇರಿ ಹೂಡಿದ ಈ ಪತ್ರಮೈತ್ರಿ ನನಗೆ ಬಹಳ ಹಿಡಿಸಿದೆ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರು ಹಿರಿಯರು, ತಿಂಗಳಿಗೊಂದು ಕಾರ್ಡು, ಅದರ ಒಂದು ಬದಿಗೆ ಸ್ವಂತ ಕೈಯ ಚಿತ್ರ, ಇನ್ನೊಂದು ಬದಿಗೆ ಐದು ಸಾಲು ಮಾತು. ಮುದ್ದಮ್ಮನ ಮಾತನ್ನು ನಾನು ಬರೆದುಕೊಳ್ಳುವುದು, ನೀನು ಜಪಾನಿ ಭಾಷೆಗೆ ತಿರುಗಿಸುವುದು. ನಾವಿಬ್ಬರೂ ಬರೀ ಕೊಳವೆಗಳು ಕಣಮ್ಮ. ನೀರು ಅವರದು.

ಆದರೂ ಕೊಳವೆ ಒಂದು ಮಾತು ಕೊಚ್ಚಿಕೊಳ್ಳಬಹುದಲ್ಲ? ಒಳಗಿರುವ ಕಾರ್ಡನ್ನು ನೋಡು. ಏಳು ಚುಕ್ಕಿಯ ಎಳೆ ರಂಗೋಲೆ. ಎಪ್ಪತ್ನಾಲ್ಕು ವರ್ಷ ಪೆನ್ನು ಮುಟ್ಟದ ಹೆಂಗಸು ಬರೆದದ್ದು. 'ನೆಲದ ಮ್ಯಾಲೆ ಬುಡೋದು ಬತ್ತದೆ, ಕಾಗ್ದದ ಮ್ಯಾಲೆ ಎಂಗ್ ಬತ್ತದೆ ಸಾ' ಅನ್ನುತ್ತಿದ್ದವಳ ಬೆರಳು ಹಿಡಿದು, ಮೂರು ಭಾನುವಾರ ಕೂತು ಕಲಿಸಿದೆ. ಮೂವತ್ತೊಂದು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಪಾಠ ಇದೇ ಇರಬೇಕು. ನೀನು ಬೇಜಾರು ಮಾಡಿಕೊಳ್ಳಬೇಡ, ನಿನ್ನದು ಎರಡನೆಯದು.

ಅವಳ ಐದು ಸಾಲು, ಅವಳ ಬಾಯಲ್ಲೇ: 'ಚಿಯವ್ವ, ಚೆನ್ನಾಗಿದ್ದೀಯ? ನಾನು ಚೆನ್ನಾಗಿವ್ನಿ. ನಿಮ್ಮೂರಲ್ಲೂ ಒತ್ತಾರೆ ಎದ್ದು ಬಾಗ್ಲಿಗೆ ನೀರಾಕ್ತೀರಾ? ನಮ್ಮಲ್ಲಿ ಬಾಗ್ಲಲ್ಲಿ ರಂಗೋಲೆ ಕಾಣ್ದೆ ಓದ್ರೆ ಆ ಮನೇಲಿ ಯಾರೋ ತೀರ್ಕಂಡವ್ರೆ ಅಂತ ಲೆಕ್ಕ. ಅದ್ಕೇ ಕಾಲು ನೋಯ್ತಾ ಇದ್ರೂವೆ ದಿನಾ ಬುಡ್ತೀನಿ.'

ನಿನ್ನ ಮೇಷ್ಟ್ರು,
ಶಾಂತರಾಜು

*

ಉಯೆದಾ, ಜಪಾನ್
೩೦ ಜೂನ್ ೨೦೨೫

ಪ್ರೀತಿಯ ಸರ್,

ಸಿಹಿಯ ವಿಷಯ ಚಿಯೋ ಅಜ್ಜಿಗೆ ಹೇಳಿದೆ. ಮುಂದಿನ ಸಲ ನಾಲ್ಕು ಕಳಿಸುತ್ತಾರಂತೆ, ಒಂದು 'ಸುಂಕದವರಿಗೆ'.

ನಿಮಗೆ ಅವರ ಬಗ್ಗೆ ಸರಿಯಾಗಿ ಹೇಳಿಲ್ಲ. ಎಂಬತ್ತಮೂರು ವರ್ಷ, ಒಂಟಿ. ನಾನು ವಾರಕ್ಕೆ ಮೂರು ದಿನ ಅವರ ಮನೆಗೆ ಹೋಗಿ ಸ್ನಾನ, ಅಡಿಗೆಗೆ ಕೈಜೋಡಿಸುತ್ತೇನೆ. ಅದೇ ನನ್ನ ಕೆಲಸ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು, ಮಿದುಳಿಗೆ ಪೆಟ್ಟಾದವರ ವಾರ್ಡಿನಲ್ಲಿ. ಹಾಗಾಗಿ ಯಾರನ್ನು ಕಂಡರೂ ಮೊದಲು ಕೈ ನೋಡುತ್ತಾರೆ, ಆಮೇಲೆ ಮುಖ. ಮುದ್ದಮ್ಮನವರ ರಂಗೋಲೆಯನ್ನು ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. 'ಈ ಕೈ ಗಟ್ಟಿ ಕೈ, ಎಲ್ಲೂ ಎತ್ತಿಲ್ಲ' ಎಂದರು.

ಮುದ್ದಮ್ಮನವರಿಗೆ ಅವರ ಉತ್ತರ: 'ನಮ್ಮ ಬೀದಿಯಲ್ಲಿ ಒಂಟಿ ಮುದುಕರು ಬೆಳಿಗ್ಗೆ ಕಿಟಕಿಗೆ ಹಳದಿ ಬಟ್ಟೆ ತೂಗುಹಾಕುತ್ತೇವೆ. ಬಟ್ಟೆ ಕಾಣದಿದ್ದರೆ ಪಕ್ಕದವರು ಬಾಗಿಲು ತಟ್ಟುತ್ತಾರೆ. ನಿನ್ನದು ನನ್ನದಕ್ಕಿಂತ ಚೆಂದ. ನನ್ನ ಬಟ್ಟೆ ದಿನಾ ಒಂದೇ ಥರ. ನಾಳೆ ಯಾವ ರಂಗೋಲೆ ಬಿಡುತ್ತೀ?'

ಇಲ್ಲಿ ಹೊಸ ಫೋನ್ ತೆಗೆದುಕೊಂಡಿದ್ದೇನೆ. ನಿಮಗೆ ವಾಟ್ಸಾಪ್ ಬೇಡ ಎಂದು ಗೊತ್ತು. ಆದರೂ ಒಮ್ಮೆ ಫೋನ್ ಮಾಡುತ್ತೇನೆ, ಎತ್ತಿಕೊಳ್ಳಿ.

ನಿಮ್ಮ ವಿದ್ಯಾರ್ಥಿನಿ,
ಸಂಘಮಿತ್ರಾ

*

ಹೊಳೆನರಸೀಪುರ
೧೦ ಆಗಸ್ಟ್ ೨೦೨೫

ಚಿ. ಸಂಘಮಿತ್ರಾ,

ತಡವಾಯಿತು. ಕಾರಣ, ಖ್ಯಾತಿ. ಹಾಸನದ ಪತ್ರಿಕೆಯೊಂದರಲ್ಲಿ ನನ್ನ ಫೋಟೋ ಬಂದಿದೆ ಕಣಮ್ಮ: 'ಎಪ್ಪತ್ನಾಲ್ಕರ ಅಜ್ಜಿಯ ಕೈಗೆ ಲೇಖನಿ ಕೊಟ್ಟ ಮೇಷ್ಟ್ರು.' ಚನ್ನರಾಯಪಟ್ಟಣದ ಸಂಘದವರು ನವೆಂಬರಿನಲ್ಲಿ ಸನ್ಮಾನ ಮಾಡುತ್ತಾರಂತೆ. ಶಾಲು ಬೇಡವೆಂದೆ, ಅವರು ಕೇಳುವುದಿಲ್ಲ. ನಾನೂ ಎರಡನೇ ಸಲ ಹೇಳಲಿಲ್ಲ.

ಆ ಸಂಘದ ಚಂದ್ರಮೌಳಿಯ ಮಗಳ ಮದುವೆಗೆ ಹೋಗಿದ್ದೆ. ಎಂಥ ಅನ್ಯಾಯ ಕೇಳು. ಪಂಕ್ತಿಯಲ್ಲಿ ನೂರಿಪ್ಪತ್ತು ಎಲೆ. ನೂರ ಹತ್ತೊಂಬತ್ತಕ್ಕೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ನನಗೆ ಮಾತ್ರ ಇಲ್ಲ. ಅನ್ನ ಬಂತು, ಸಾರು ಬಂತು, ಹಪ್ಪಳ ಬಂತು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನನಗೆ ಉಪ್ಪನ್ನೇ ಬಡಿಸಲಿಲ್ಲ, ಹಾಗಾಗಿ ಬಗೆಯಲು ಅಡ್ಡಿಯಿಲ್ಲ ಎಂದು ಚಂದ್ರಮೌಳಿಗೆ ಕೇಳುವ ಹಾಗೆ ಅಂದೆ. ಅವನು ನನ್ನ ಎಲೆಯನ್ನೂ ನನ್ನ ಮುಖವನ್ನೂ ನೋಡಿ ಮುಂದಿನ ಎಲೆಗೆ ನಡೆದ. ಏಳುವಾಗ ಮಲ್ಲಿಗಮ್ಮ, 'ಎಲ್ಲಾ ಎಲೇಲೇ ಬಿಟ್ಟಿದ್ದೀರಲ್ರೀ' ಅಂದಳು. ನಲವತ್ತು ವರ್ಷ ಸಂಸಾರ ಮಾಡಿದವಳು ಬಡಿಸುವವರ ಪಕ್ಷ ಸೇರಿದಳು.

ಮನೆಯ ಬಾಗಿಲೂ ನನ್ನ ವಿರುದ್ಧ ಪಿತೂರಿ ನಡೆಸಿದೆ. ಎಡಭುಜಕ್ಕೆ ಮೂರು ಸಲ ಹೊಡೆಯಿತು. ಎಡವದೆ ನಡೆಯುವವನಿಗೂ ಎಡವಟ್ಟು ತಪ್ಪಿದ್ದಲ್ಲ ಎಂದು ಮಲ್ಲಿಗಮ್ಮನಿಗೆ ಹೇಳಿದರೆ, 'ಕನ್ನಡಕ ಬದಲಾಯ್ಸಿ' ಅನ್ನುತ್ತಾಳೆ. ಹಾಸ್ಯಕ್ಕೆ ಚೀಟಿ ಬರೆದುಕೊಡುವ ವೈದ್ಯೆ.

ಇಗೋ ಎರಡನೆಯ ಕಾರ್ಡು. ಒಂಬತ್ತು ಚುಕ್ಕಿ. ಈ ಸಲ ನಾನು ಬೆರಳು ಹಿಡಿಯಲೇ ಇಲ್ಲ. ತಾನೇ ಬರೆದಳು, ಒಂದು ಚುಕ್ಕಿಯೂ ತಪ್ಪಿಲ್ಲ, ಒಂದು ಎಳೆಯೂ ಬಿಟ್ಟುಹೋಗಿಲ್ಲ.

ಅವಳ ಮಾತು: 'ಚಿಯವ್ವ, ಅಳದಿ ಬಟ್ಟೆ ಮರೀಬ್ಯಾಡ. ಮಳೆ ಬಂದ್ರೂ ತೂಗಾಕು. ನಮ್ ಭೀಮ ನೀ ಕಳ್ಸಿದ್ ನಿನ್ನ ಪಟ ನೋಡಿ ಇವ್ರು ನಮ್ ಸಣ್ಣಜ್ಜಿ ಇದ್ದಂಗವ್ರೆ ಅಂದ. ಒಗೆಸೊಪ್ಪು ಕುಯ್ಯೋಕ್ ಓಗಿದ್ದೆ, ಬೆನ್ನು ನೋವು. ನಿಂಗೆ ಬೆನ್ನು ಎಂಗದೆ?'

ಶಾಂತರಾಜು

*

ಉಯೆದಾ
೩೧ ಆಗಸ್ಟ್ ೨೦೨೫

ಸರ್,

ಈ ಪತ್ರ ಓದಿದ ತಕ್ಷಣ ಮಲ್ಲಿಪಟ್ಟಣಕ್ಕೆ ಹೋಗಿ, ದಯವಿಟ್ಟು. ಇವತ್ತು ಬೆಳಿಗ್ಗೆಯಿಂದ ನಾಲ್ಕು ಸಲ ನಿಮಗೆ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಅರಕಲಗೂಡಿನಲ್ಲಿರುವ ನನ್ನ ಅಮ್ಮನೂ ಈಗ ಯಾತ್ರೆಗೆ ಹೋಗಿದ್ದಾರೆ.

ಎರಡನೇ ಕಾರ್ಡನ್ನು ಚಿಯೋ ಅಜ್ಜಿ ಮೊದಲಿನದರ ಪಕ್ಕ ಇಟ್ಟರು. ಆಮೇಲೆ ಬೆರಳಿಟ್ಟು ತೋರಿಸಿದರು. ಬಲಗಡೆ ಎಲ್ಲ ಎಳೆಗಳೂ ಸರಿ. ಎಡಗಡೆಯ ಕೊನೆಯ ಎರಡು ಸಾಲು ಚುಕ್ಕಿಗಳ ಸುತ್ತ ಎಳೆಯೇ ಇಲ್ಲ. ಚುಕ್ಕಿಗಳು ಸುಮ್ಮನೆ ಬಿದ್ದಿವೆ, ಯಾರೂ ಅವನ್ನು ನೋಡಿಯೇ ಇಲ್ಲದ ಹಾಗೆ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ತಲೆಯ ಬಲಭಾಗದಲ್ಲಿ ಏನಾದರೂ ಒತ್ತುತ್ತಿದ್ದರೆ, ಅಥವಾ ಅಲ್ಲಿಗೆ ರಕ್ತ ಹೋಗದಿದ್ದರೆ, ಕೆಲವರಿಗೆ ಎಡಗಡೆಯ ಲೋಕ ಇಲ್ಲವಾಗುತ್ತದಂತೆ. ಕಣ್ಣು ಸರಿ ಇರುತ್ತದೆ, ಗಮನ ಹೋಗುವುದಿಲ್ಲ. ತಟ್ಟೆಯಲ್ಲಿ ಎಡಗಡೆಯ ಅನ್ನ ಹಾಗೇ ಬಿಡುತ್ತಾರೆ. ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ತಮಗೇನೂ ಆಗಿಲ್ಲ ಎಂದು ವಾದಿಸುತ್ತಾರೆ. ಅವರ ವಾರ್ಡಿನಲ್ಲಿ ಇಂಥವರಿಗೆ ಹೂವೊಂದನ್ನು ಬರೆಯಲು ಹೇಳುತ್ತಿದ್ದರಂತೆ. ಅರ್ಧ ಹೂವು ಬರೆದು, ಪೂರ್ತಿಯಾಯಿತು ಎಂದು ಕೊಡುತ್ತಿದ್ದರಂತೆ.

ಮುದ್ದಮ್ಮನವರ ತಟ್ಟೆ ನೋಡಲು ಭೀಮಣ್ಣನಿಗೆ ಹೇಳಿ. ಹಾಸನಕ್ಕೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ. ದಿನ ಕಳೆಯಬೇಡಿ.

ನಿಮ್ಮ ಪತ್ರ ಈ ಸಲ ಹಾಳೆಯ ನಡುವಿನಿಂದ ಶುರುವಾಗಿತ್ತು. ಬಸ್ಸಿನಲ್ಲಿ ಕೂತು ಬರೆದಿರಾ?

ಸಂಘಮಿತ್ರಾ

*

ಹೊಳೆನರಸೀಪುರ
೭ ಸೆಪ್ಟೆಂಬರ್ ೨೦೨೫

ಚಿ. ಸಂಘಮಿತ್ರಾ,

ನಿನ್ನ ಕಾಗದ ಇನ್ನೂ ಬಂದಿಲ್ಲ. ನಾನೇ ಬರೆಯುತ್ತಿದ್ದೇನೆ.

ಒಂದು ಪರಾಕ್ರಮ ವರದಿ ಮಾಡಬೇಕು. ಹೋದ ಭಾನುವಾರ ಯಾವನೋ ವಿದೇಶಿ ವಂಚಕ ನನ್ನ ಬೆನ್ನು ಹತ್ತಿದ. ಎಂಬತ್ತೊಂದರಿಂದ ಶುರುವಾಗುವ ನಂಬರು, ಒಂದೇ ದಿನ ನಾಲ್ಕು ಸಲ. ಬ್ಯಾಂಕಿನವರು ಬೋರ್ಡು ಹಾಕಿದ್ದಾರಲ್ಲ, ಗೊತ್ತಿಲ್ಲದ ಹೊರದೇಶದ ಕರೆ ಎತ್ತಬೇಡಿ ಅಂತ. ಪಕ್ಕದ ಮನೆಯ ಧನುಶ್ರೀಗೆ ಕೊಟ್ಟು ಆ ನಂಬರನ್ನು ಬ್ಲಾಕ್ ಮಾಡಿಸಿದೆ. ಈಗ ಅವನು ತಲೆ ಚಚ್ಚಿಕೊಂಡರೂ ನನಗೆ ಕೇಳಿಸುವುದಿಲ್ಲ.

ಬಸ್ಸಿನ ಸಹವಾಸ ಸಾಕಾಗಿ ಮೊಪೆಡ್ಡಿನಲ್ಲೇ ಮಲ್ಲಿಪಟ್ಟಣಕ್ಕೆ ಹೋಗಿಬರುತ್ತಿದ್ದೇನೆ. ಮಂಗಳವಾರ ಅರಕಲಗೂಡು ದಾಟುತ್ತಲೇ ಒಂದು ಮೇಕೆ ಆಕಾಶದಿಂದ ಇಳಿದು ಗಾಡಿಗೆ ಅಡ್ಡ ಬಂತು. ಎಡಗಡೆಯ ಬೇಲಿಯಿಂದ ಬಂತು ಅನ್ನುತ್ತಾನೆ ಮೇಕೆಯವನು. ಅಲ್ಲಿ ಬೇಲಿಯೇ ಇರಲಿಲ್ಲ. 'ಅಷ್ಟುದ್ದ ಬೇಲಿ ಕಾಣಾಕಿಲ್ವಾ ಸಾ ನಿಮ್ಗೆ' ಎಂದು ಜಗಳಕ್ಕೇ ನಿಂತ. ಮೇಕೆ ಬದುಕಿತು, ನನ್ನ ಮೊಣಕೈ ಸ್ವಲ್ಪ ತರಚಿತು. ಮೇಕೆಯ ಹಿಂದೆ ಒಂದು ಹುಡುಗಿಯೂ ಇದ್ದಳಂತೆ. ನಾನು ನೋಡಲಿಲ್ಲ.

ಇನ್ನೊಂದು ತಮಾಷೆ. ನಿನ್ನೆ ಕ್ಷೌರ ಮಾಡಿಕೊಂಡು ಈಚೆಗೆ ಬಂದರೆ ಮಲ್ಲಿಗಮ್ಮ ನಕ್ಕೂ ನಕ್ಕೂ ಕುಸಿದು ಕೂತಳು. ಎಡಗೆನ್ನೆಯಲ್ಲಿ ನೊರೆ ಹಾಗೇ ಇದೆಯಂತೆ. ಬಲಪಂಥಕ್ಕೆ ಸೇರಿದೆನೆಂದು ತಿಳಿಯಬೇಡ ಎಂದೆ. ಆಮೇಲೆ ಯಾಕೋ ಅವಳು ನಗುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಮೂರನೆಯ ಕಾರ್ಡು ಇಟ್ಟಿದ್ದೇನೆ. ಹನ್ನೊಂದು ಚುಕ್ಕಿ, ದೊಡ್ಡದು. ಪೂರ್ಣ ಚಂದ್ರನ ಹಾಗಿದೆ, ಅಲ್ಲವೆ?

ಶಾಂತರಾಜು

*

ಹೊಳೆನರಸೀಪುರ
೨೮ ಸೆಪ್ಟೆಂಬರ್ ೨೦೨೫

ಸಂಘಮಿತ್ರಾ,

ನಿನ್ನ ಆಗಸ್ಟಿನ ಕಾಗದ ಹದಿನೆಂಟಕ್ಕೆ ಬಂತು. ಆ ವಂಚಕ ನೀನೇ ಎಂದು ತಿಳಿದು ನಾಚಿಕೆಯಾಯಿತು. ಬ್ಲಾಕ್ ತೆಗೆಸಬೇಕು. ಧನುಶ್ರೀ ಅಜ್ಜಿ ಮನೆಗೆ ಹೋಗಿದ್ದಾಳೆ.

ಮಾರನೇ ದಿನವೇ ಮಲ್ಲಿಪಟ್ಟಣಕ್ಕೆ ಹೋದೆ. ಮುದ್ದಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಭೀಮನನ್ನು ಆಚೆ ಕರೆದು ಹೇಳಿದೆ. ಅವನ ಮುಖ ಬೂದಿಯಾಯಿತು. 'ನಮ್ಮವ್ವನಿಗಾ ಮೇಷ್ಟ್ರೇ? ಒತ್ತಾರೆ ಎರ್ಡು ಮುದ್ದೆ ಉಂಡ್ಲಲ್ಲ' ಅಂದ. ಆದರೂ ಹಾಸನಕ್ಕೆ ಹೊರಟೆವು. ಯಂತ್ರದೊಳಗೆ ಹೋಗುವಾಗ ಅವಳು ನನ್ನ ಕೈ ಬಿಡಲಿಲ್ಲ. 'ನಾನು ಸತ್ತೋಯ್ತೀನಾ ಸಾ? ಚಿಯವ್ವಂಗೆ ಗೊತ್ತಾಗೋಯ್ತಾ?' ಎಂದು ಎರಡು ಸಲ ಕೇಳಿದಳು.

ಏನೂ ಇಲ್ಲ. ಡಾಕ್ಟರು ಎರಡೆರಡು ಸಲ ನೋಡಿದರು. ಶುದ್ಧವಾದ ತಲೆ. ಆದರೆ ಭೀಮ ನಂಬುತ್ತಿಲ್ಲ. ಜಪಾನಿನ ನರ್ಸಮ್ಮ ಅಷ್ಟು ದೂರದಿಂದ ಕಂಡುಹಿಡಿದದ್ದು ಸುಳ್ಳಾಗುತ್ತದೆಯೇ ಅನ್ನುತ್ತಾನೆ. ಅವ್ವನನ್ನು ಒಲೆಯ ಹತ್ತಿರ ಬಿಡುವುದಿಲ್ಲ, ಹೊಲಕ್ಕೆ ಬಿಡುವುದಿಲ್ಲ. ಅಂಗಳಕ್ಕೆ ಬಗ್ಗಿದರೆ ಬಿದ್ದಾಳು ಎಂದು ಬಾಗಿಲ ರಂಗೋಲೆಯನ್ನೂ ಸೊಸೆಗೆ ವಹಿಸಿದ್ದಾನೆ. ಮೊನ್ನೆ ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು.

ಆ ಎರಡನೇ ಕಾರ್ಡಿನ ಒಂದು ನಕಲು ನನ್ನ ಬಳಿ ಇದೆ. ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಪೂರ್ತಿಯಾಗಿದೆ ಸಂಘಮಿತ್ರಾ. ಎಲ್ಲೂ ಏನೂ ಬಿಟ್ಟಿಲ್ಲ. ನಿಮ್ಮ ಚಿಯೋ ಅಜ್ಜಿಗೆ ವಯಸ್ಸಾಗಿಲ್ಲ ತಾನೆ?

ಶಾಂತರಾಜು

*

ಉಯೆದಾ
೧೭ ಅಕ್ಟೋಬರ್ ೨೦೨೫

ಸರ್,

ನಿಮ್ಮ ಸೆಪ್ಟೆಂಬರಿನ ಎರಡೂ ಪತ್ರಗಳು ಇವತ್ತು ಒಟ್ಟಿಗೆ ಬಂದವು. 'ಪೂರ್ತಿಯಾಗಿದೆ' ಎಂಬ ಮಾತನ್ನು ಓದಿ ಹೇಳಿದೆ. ಚಿಯೋ ಅಜ್ಜಿ ಕೇಳಿದ್ದು ಒಂದೇ: 'ಹಾಗಾದರೆ ಇದು ಯಾರ ಕೈ?'

ಮೂರನೇ ಕಾರ್ಡಿನಲ್ಲಿ ಅರ್ಧ ಚಂದ್ರ ಮಾತ್ರ ಇದೆ ಸರ್. ಎಡಗಡೆ ಚುಕ್ಕಿಗಳೂ ಇಲ್ಲ.

ನಿಮ್ಮ ಪತ್ರಗಳನ್ನೆಲ್ಲ ನೆಲದ ಮೇಲೆ ಹರಡಿದೆವು. ಅವರಿಗೆ ಕನ್ನಡ ಬಾರದು, ನಿಮ್ಮ ತಮಾಷೆ ಯಾವುದೂ ತಾಗುವುದಿಲ್ಲ. ಅವರು ನೋಡಿದ್ದು ಖಾಲಿ ಜಾಗವನ್ನು. ಜೂನಿನ ಹಾಳೆಯಲ್ಲಿ ಎಡಗಡೆ ಒಂದು ಬೆರಳಿನಷ್ಟು ಬಿಟ್ಟಿದ್ದೀರಿ. ಆಗಸ್ಟಿನಲ್ಲಿ ನಾಲ್ಕು ಬೆರಳು. ಈಗ ಬಂದದ್ದರಲ್ಲಿ ಸಾಲುಗಳೆಲ್ಲ ಬಲಗಡೆಯ ಅಂಚಿಗೆ ಹೋಗಿ ಮುದುರಿಕೊಂಡಿವೆ. ನಾನು ಆ ಅಕ್ಷರಗಳನ್ನು ಓದಿ ನಗುತ್ತಿದ್ದೆ. ಚಂದ್ರಮೌಳಿಯವರ ಮನೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿದ್ದರು ಸರ್. ಅವನ್ನು ಎಲೆಯ ಯಾವ ಕಡೆಗೆ ಬಡಿಸುತ್ತಾರೆ ಎಂದು ಹಾಸನ ಸೀಮೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಬಾಗಿಲು, ಬೇಲಿ, ಕೆನ್ನೆ, ಎಲ್ಲ ಎಡಗಡೆಯದೇ. ಆ ಹುಡುಗಿಯನ್ನು ನೀವು ನೋಡಲಿಲ್ಲ ಎಂದು ಬರೆದ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಮುದ್ದಮ್ಮನವರ ರಂಗೋಲೆಗಳನ್ನು ಯಾರು ಬರೆದರು? ನನಗೆ ಉತ್ತರ ಬರೆಯುತ್ತಾ ಕೂರಬೇಡಿ. ಮೊಪೆಡ್ ಮುಟ್ಟಬೇಡಿ. ಅರಕಲಗೂಡಿನಲ್ಲಿ ನನ್ನ ಅಮ್ಮನಿಗೆ ಈಗಷ್ಟೇ ಫೋನ್ ಮಾಡಿದ್ದೇನೆ. ನಾಳೆ ಮೊದಲ ಬಸ್ಸಿಗೆ ಬಂದು ಮಲ್ಲಿಗಮ್ಮನವರಿಗೆ ಎಲ್ಲ ಹೇಳುತ್ತಾರೆ. ನೀವು ವಾದ ಮಾಡುತ್ತೀರಿ ಎಂದು ಚಿಯೋ ಅಜ್ಜಿ ಮೊದಲೇ ಹೇಳಿದ್ದಾರೆ. ಮಾಡಿಕೊಂಡೇ ಹಾಸನಕ್ಕೆ ಹೋಗಿ.

ಸಂಘಮಿತ್ರಾ

*

ಹಾಸನ, ಆಸ್ಪತ್ರೆಯಿಂದ
೩ ನವೆಂಬರ್ ೨೦೨೫

ಚಿ. ಸಂಘಮಿತ್ರಾ,

ಇದು ಮಲ್ಲಿಗಮ್ಮನ ಅಕ್ಷರ. ನಾನು ಹೇಳುತ್ತಿದ್ದೇನೆ, ಅವಳು ಬರೆಯುತ್ತಿದ್ದಾಳೆ. ಇಷ್ಟು ವರ್ಷಗಳಲ್ಲಿ ನಾನು ಹೇಳಿದಂತೆ ಅವಳು ಕೇಳುತ್ತಿರುವುದು ಇದೇ ಮೊದಲು.

ನಿನ್ನ ತಾಯಿ ಬಂದ ದಿನ ವಾದ ಮಾಡಿದೆ. ಕೂಗಾಡಿದೆ ಕೂಡ. ನಿನ್ನ ಕಾಗದ ಆಮೇಲೆ ಬಂತು, ಮಲ್ಲಿಗಮ್ಮ ಓದಿದಳು. ಎಡಗೆನ್ನೆಯಲ್ಲಿ ಗಡ್ಡ, ತಲೆಯ ಬಲಗಡೆ ಗೆಡ್ಡೆ. ನಿಂಬೆಹಣ್ಣಿನಷ್ಟಿದೆಯಂತೆ. ಗುರುವಾರ ತಲೆ ಬಿಚ್ಚುತ್ತಾರೆ. ಯಾವ ಜಾತಿಯ ಗೆಡ್ಡೆ ಎಂದು ತೆಗೆದ ಮೇಲೆ ತಿಳಿಯುತ್ತದಂತೆ. ಡಾಕ್ಟರು ನನ್ನ ಮುಖ ನೋಡದೆ ಮಲ್ಲಿಗಮ್ಮನಿಗೆ ಹೇಳುತ್ತಾರೆ. ಅವಳು ಎಡಗಡೆ ನಿಂತಿದ್ದರೆ ನನಗೆ ಇಬ್ಬರೂ ಇಲ್ಲ.

ಗುರುವಾರದ ಮೇಲೆ ಮಾತು ಉಳಿಯುತ್ತದೋ ಇಲ್ಲವೋ, ಆದ್ದರಿಂದ ಈಗಲೇ ಹೇಳುತ್ತೇನೆ. ರಂಗೋಲೆ ಬರೆದದ್ದು ನಾನು. ಮೂರನ್ನೂ. ಅವಳು ಅಂಗಳದಲ್ಲಿ ಬಿಟ್ಟದ್ದನ್ನು ನೋಡಿಕೊಂಡು ಕಾರ್ಡಿಗೆ ಇಳಿಸುತ್ತಿದ್ದೆ. ನೆಲವನ್ನು ಅಂಚೆಗೆ ಹಾಕಲಾಗುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿನ್ನ ಎಚ್ಚರಿಕೆ ಬಂದಾಗಲೂ ತಪ್ಪು ನೆಲದಲ್ಲಿರಬೇಕು, ಅವಳ ಕೈಯಲ್ಲಿರಬೇಕು ಅನ್ನಿಸಿತೇ ಹೊರತು ನನ್ನ ಕೈ ನೆನಪಾಗಲಿಲ್ಲ. ನೆನಪಾದ ಮೇಲೆ ಸನ್ಮಾನವೂ ನೆನಪಾಯಿತು, ಬಾಯಿ ಮುಚ್ಚಿಕೊಂಡೆ. ಅವಳು ಒಂದೂವರೆ ತಿಂಗಳು ಗೋಡೆಗೆ ಒರಗಿ ಸಾವನ್ನು ಕಾಯುತ್ತಾ ಕೂತಿದ್ದು ಅದಕ್ಕೆ.

ನಿನ್ನೆ ಭೀಮ ಅವಳನ್ನು ಕರೆದುಕೊಂಡು ಬಂದಿದ್ದ. ಎಲ್ಲ ಹೇಳಿದೆ. ಭೀಮ ಎದ್ದು ನಿಂತ. 'ಒಲೆ ತಾವ್ಕೆ ಬುಟ್ಟಿಲ್ಲ ಕಣ್ರೀ ಮೇಷ್ಟ್ರೇ ನಮ್ಮವ್ವನ್ನ, ಒಂದೂವರೆ ತಿಂಗ್ಳು. ಮಗಿ ತರ ಕೂರಿಸ್ಬುಟ್ಟಿದ್ದೆ' ಎಂದು ಆಚೆ ಹೋದ. ತಿರುಗಿ ಒಳಗೆ ಬರಲಿಲ್ಲ.

ಮುದ್ದಮ್ಮ ಹೋಗಲಿಲ್ಲ. ನನ್ನ ಬಲಗಡೆಗೆ ಸ್ಟೂಲು ಎಳೆದುಕೊಂಡು ಕೂತಳು. ಯಾರು ಹೇಳಿಕೊಟ್ಟರೋ.

'ಅಂಗಾರೆ ಚಿಯವ್ವ ಕಂಡಿದ್ದು ನಿಮ್ಮನ್ನಾ?' ಅಂದಳು.

'ಹೂಂ.'

'ಒಳ್ಳೇದಾಯ್ತು ಬುಡಿ. ನಿಮ್ ಕೈಲಿ ಬರ್ದಿದ್ಕೆ ಗೊತ್ತಾಯ್ತು.' ಸೆರಗು ಸರಿಮಾಡಿಕೊಂಡಳು. 'ಆದ್ರೂ ನಂಗ್ಯಾಕ್ ಕೊಡ್ನಿಲ್ಲ ಪೆನ್ನ?'

'ನೀನೇ ಬರಲ್ಲ ಅಂದೆಯಲ್ಲ.'

'ಬರಾಕಿಲ್ಲ ಅಂತ ಎಲ್ ಅಂದೆ ಸಾ? ಎಂಗ್ ಬತ್ತದೆ ಅಂತ ಕೇಳ್ದೆ. ನೀವು ನಕ್ಬುಟ್ಟು ನೀವೇ ಬರ್ಕೊಂಡ್ರಿ.'

ಮಲ್ಲಿಗಮ್ಮ ಬರೆಯುವುದನ್ನು ನಿಲ್ಲಿಸಿದ್ದಾಳೆ, ಇದನ್ನೂ ಹಾಕಲೇ ಎಂದು ಕೇಳುತ್ತಿದ್ದಾಳೆ. ಹಾಕು ಅಂದೆ. ಸಂಘಮಿತ್ರಾ, ಚಿಯೋ ಅಜ್ಜಿಗೆ ಇದನ್ನು ಸರಿಯಾಗಿ ತಿರುಗಿಸಿ ಹೇಳು, ಚನ್ನರಾಯಪಟ್ಟಣದವರಿಗೆ ಮಲ್ಲಿಗಮ್ಮ ಹೇಳುತ್ತಾಳೆ. ಮೂರು ಭಾನುವಾರ ಬೆರಳು ಹಿಡಿದು ಕಲಿಸಿದೆ ಎಂದಿದ್ದೆನಲ್ಲ, ಒಂದು ಭಾನುವಾರವೂ ಕಲಿಸಿಲ್ಲ. ಕಲಿಸುವ ಮಾತು ಹಾಗಿರಲಿ, ಜೇಬಿನಲ್ಲಿದ್ದ ಪೆನ್ನನ್ನು ಒಂದು ಸಲವಾದರೂ ಅವಳ ಕಡೆಗೆ ಚಾಚಿರಲಿಲ್ಲ.

ಶಾಂತರಾಜು